ಅಡವಿಯ ಬೆಳಕಿನಲ್ಲಿ ಅಡಗಿರುವ ದಿಕ್ಕು

ಬೆಳಕು ವಸ್ತುವನ್ನು ಕಾಣಿಸುತ್ತದೆ. ಅದೇ ಬೆಳಕು ದಿಕ್ಕನ್ನೂ ತೋರಿಸಬಲ್ಲುದೆಂಬ ಸಂಗತಿ ಮಾನವನಿಗೆ ತಿಳಿದುದು ಬಹಳ ತಡವಾಗಿ. ಜೇನುನೊಣಕ್ಕಾದರೋ ಅದು ಹುಟ್ಟಿನೊಡನೆಯೇ ಬಂದ ದೃಷ್ಟಿ.

ಬೆಳಕು ಅಲೆಯಾಗಿ ಸಾಗುತ್ತದೆ. ಸೂರ್ಯನಿಂದ ನೇರವಾಗಿ ಬರುವ ಕಿರಣದಲ್ಲಿ ಕಂಪನಗಳು ಸಾಗುವ ದಾರಿಗೆ ಅಡ್ಡಲಾಗಿ ಎಲ್ಲ ಮಗ್ಗುಲುಗಳಿಗೂ ಹರಡಿರುತ್ತವೆ. ಅವು ಒಂದೇ ಮಗ್ಗುಲಿಗೆ ನಿಯತವಾದಾಗ ಆ ಬೆಳಕಿಗೆ ಧ್ರುವೀಕೃತ ಬೆಳಕೆಂದು ಹೆಸರು. ಕಿಟಕಿಯ ನೆಟ್ಟನೆಯ ಸರಳುಗಳ ನಡುವೆ ಹಗ್ಗವನ್ನು ಹಾಯಿಸಿ ಅಲುಗಿಸಿದರೆ, ಮೇಲೆ ಕೆಳಗೆ ಆಡುವ ಅಲೆ ಮಾತ್ರ ಆಚೆಗೆ ದಾಟುತ್ತದೆ. ಅಡ್ಡಡ್ಡ ಆಡುವ ಅಲೆ ಅಲ್ಲಿಯೇ ನಿಲ್ಲುತ್ತದೆ. ಇದೂ ಹಾಗೆಯೇ. ‘ಧ್ರುವ’ ಎಂದರೆ ಅಚಲ, ಸ್ಥಿರ. ದಾರಿಗರಿಗೆ ದಿಕ್ಕು ತೋರುವ ನಕ್ಷತ್ರಕ್ಕೂ ಅದೇ ಹೆಸರಿರುವುದು ಇಲ್ಲಿ ಚೆನ್ನಾಗಿ ಒಪ್ಪುತ್ತದೆ.

1808ರಲ್ಲಿ ಫ್ರಾನ್ಸಿನ ಮಾಲ್ಯೂಸ್ ಎಂಬ ವಿಜ್ಞಾನಿಯು ಪ್ಯಾರಿಸಿನ ಲಕ್ಸೆಂಬರ್ಗ್ ಅರಮನೆಯ ಕಿಟಕಿಯ ಗಾಜಿನಲ್ಲಿ ಪ್ರತಿಫಲಿಸಿದ ಬಿಸಿಲನ್ನು ಕ್ಯಾಲ್ಸೈಟ್ ಹರಳಿನ ಮೂಲಕ ನೋಡಿದನು. ಹರಳನ್ನು ತಿರುಗಿಸಿದಂತೆ ಬೆಳಕು ಹೆಚ್ಚು ಕಡಿಮೆಯಾಯಿತು. ಗಾಜು, ನೀರು, ನುಣುಪಾದ ಎಲೆ ಇವುಗಳಿಂದ ಪ್ರತಿಫಲಿಸುವ ಬೆಳಕು ಹೀಗೆ ಧ್ರುವೀಕರಣ ಹೊಂದುತ್ತದೆ. ಗಾಳಿಯ ಅಣುಗಳಿಂದ ಚದರಿ ಬರುವ ನೀಲಿ ಆಕಾಶದ ಬೆಳಕಿಗೂ ಈ ಗುಣವುಂಟು. ಸೂರ್ಯನಿಂದ 90 ಅಂಶ ದೂರದ ಭಾಗದಲ್ಲಿ ಅದು ಅತ್ಯಧಿಕ. ಸೂರ್ಯನು ಚಲಿಸಿದಂತೆ ಆಕಾಶದ ಈ ವಿನ್ಯಾಸವೂ ಚಲಿಸುತ್ತದೆ.

1949ರಲ್ಲಿ ಕಾರ್ಲ್ ಫಾನ್ ಫ್ರಿಷ್ ಎಂಬ ವಿದ್ವಾಂಸರು ಜೇನುನೊಣಗಳು ಈ ವಿನ್ಯಾಸವನ್ನು ಓದುತ್ತವೆಂದು ಸಿದ್ಧಪಡಿಸಿದರು. ಮಕರಂದದ ದಿಕ್ಕನ್ನು ಸಂಗಾತಿಗಳಿಗೆ ನರ್ತನದಿಂದ ತಿಳಿಸುವ ನೊಣಕ್ಕೆ ಸೂರ್ಯನು ಕಾಣದಿದ್ದರೂ ನೀಲಿ ಆಕಾಶದ ಒಂದು ತುಣುಕು ಸಾಕಾಗಿತ್ತು. ಧ್ರುವೀಕಾರಕ ಹಾಳೆಯನ್ನು ಮೇಲಿಟ್ಟು ತಿರುಗಿಸಿದಾಗ ನರ್ತನದ ದಿಕ್ಕೂ ತಿರುಗಿತು. 1973ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ದೊರೆಯಿತು.

ದಟ್ಟವಾದ ಕಾಡಿನಲ್ಲಿ ಆಕಾಶವೇ ಮರೆಯಾದರೆ ಗತಿಯೇನು? 2007ರಲ್ಲಿ ಪ್ರಕಟವಾದ ಅಳತೆಗಳು ಇದಕ್ಕೊಂದು ಉತ್ತರ ಕೊಟ್ಟವು. ಬಿಸಿಲು ಬಿದ್ದ ಎಲೆಗಳ ಮೇಲ್ಛಾವಣಿಯಲ್ಲಿ ಕಂಪನದ ದಿಕ್ಕು ಹಿಂದಿನ ಆಕಾಶದ ದಿಕ್ಕನ್ನೇ ಅನುಸರಿಸುತ್ತದೆ. ಆದ್ದರಿಂದ ಇದನ್ನು ಗ್ರಹಿಸಬಲ್ಲ ಕಣ್ಣಿಗೆ ಎಲೆಗಳ ಮರೆಯಲ್ಲಿರುವ ಸೂರ್ಯನ ದಿಕ್ಕನ್ನು ತಿಳಿಯುವುದು ಅಸಾಧ್ಯವಲ್ಲ.

ಕಾಡಿನ ಜೀವಿಗಳಿಗೆ ಈ ಬೆಳಕು ಸಂದೇಶವೂ ಹೌದು. ಬಿಸಿಲು ನೆರಳುಗಳ ಆಟದಲ್ಲಿ ಬಣ್ಣ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ನಂಬಿಕೆಗೆ ಅರ್ಹವಲ್ಲ. ಮಧ್ಯ ಅಮೆರಿಕದ ಕಾಡುಗಳಲ್ಲಿರುವ ಹೆಲಿಕೋನಿಯಸ್ ಸಿಡ್ನೋ ಚಿಟ್ಟೆಯ ಮಿನುಗುವ ರೆಕ್ಕೆ ಧ್ರುವೀಕೃತ ಬೆಳಕನ್ನು ಹೊಮ್ಮಿಸುತ್ತದೆ. 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೆಣ್ಣಿನ ರೆಕ್ಕೆಯ ಈ ಗುಣವನ್ನು ಮಾತ್ರ ಸೋಸುಗದಿಂದ ಅಳಿಸಿದಾಗ ಗಂಡುಗಳು ಅತ್ತ ಸುಳಿಯುವುದು ಕಡಿಮೆಯಾಯಿತು. ಬಯಲಿಗೆ ಹೊಂದಿದ ಅದರ ಬಂಧು ಹೆಲಿಕೋನಿಯಸ್ ಮೆಲ್ಪೊಮೆನೆಗೆ ಆ ಭೇದ ತಟ್ಟಲಿಲ್ಲ.

ಆದರೆ ಇದೇ ದೃಷ್ಟಿ ಇಂದು ಕೆಲವು ಜೀವಿಗಳಿಗೆ ಮೃತ್ಯುವಾಗಿದೆ. ನೀರಿನಲ್ಲಿ ಮೊಟ್ಟೆಯಿಡುವ ಕೀಟಗಳು ಅಡ್ಡಲಾಗಿ ಧ್ರುವೀಕೃತವಾದ ಹೊಳಪನ್ನೇ ನೀರೆಂದು ಬಗೆಯುತ್ತವೆ. ಟಾರು ರಸ್ತೆಯೂ ಕಪ್ಪು ಗಾಜೂ ಅಂತಹುದೇ ಹೊಳಪನ್ನು ಬೀರುತ್ತವೆ. ಏಕದಿನಾಯುಷಿಯೆನ್ನಬಹುದಾದ ಮೇಫ್ಲೈ ಕೀಟಗಳು ತೊರೆಯನ್ನು ಬಿಟ್ಟು ಪಕ್ಕದ ರಸ್ತೆಯ ಮೇಲೆ ಮೊಟ್ಟೆಯಿಡುವುದನ್ನು ಹಂಗೇರಿಯ ವಿಜ್ಞಾನಿಗಳು 1998ರಲ್ಲಿ ವರದಿ ಮಾಡಿದರು. ಆ ಮೊಟ್ಟೆಗಳು ಒಣಗಿ ಹೋಗುತ್ತವೆ. ಒಂದು ಪೀಳಿಗೆ ಅಲ್ಲಿಗೇ ಮುಗಿಯುತ್ತದೆ. ರಸ್ತೆಯನ್ನು ಹಾಕಿದವನಿಗೆ ಈ ಅನರ್ಥ ಕಾಣುವುದೇ ಇಲ್ಲ, ಅವನ ಕಣ್ಣಿಗೆ ಆ ಹೊಳಪಿನ ಭಾಷೆ ತಿಳಿಯದು.

ಪರಿಹಾರ ದುಬಾರಿಯಲ್ಲ. ಸೌರಫಲಕಗಳ ಮೇಲೆ ಬಿಳಿಯ ಗೆರೆಗಳನ್ನು ಎಳೆದರೆ ಇಂತಹ ಕೀಟಗಳು ಅವಕ್ಕೆ ಮರುಳಾಗುವುದು ಬಹಳ ಕಡಿಮೆಯಾಗುತ್ತದೆಂದು 2010ರಲ್ಲಿ ಕಂಡುಬಂದಿತು. ಆ ಗೆರೆಯನ್ನು ಎಳೆಯಲು ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಅರಿವು. ತನ್ನ ಕಣ್ಣಿಗೆ ಕಾಣದುದೂ ಲೋಕದಲ್ಲಿ ಉಂಟೆಂದು ಒಪ್ಪುವ ವಿನಯವೇ ಆ ಅರಿವಿನ ಮೊದಲ ಪಾಠ.