ಸುರಿದದ್ದೆಲ್ಲ ದ್ರವವಲ್ಲ

ಪುಟ್ಟ ಮಕ್ಕಳಿಗೆ ‘ಗಟ್ಟಿಯಾದದ್ದು ಘನ, ಸುರಿಯುವುದು ದ್ರವ’ ಎಂದು ಹೇಳಿ ಮುಗಿಸಿಬಿಡಬೇಡಿ. ಹಾಗೆ ಕಲಿತ ಮಗು ಹತ್ತಿಯನ್ನು ಘನವಲ್ಲ ಎನ್ನುತ್ತದೆ, ರವೆಯನ್ನು ದ್ರವ ಎನ್ನುತ್ತದೆ. ತಪ್ಪು ಮಗುವಿನದಲ್ಲ, ನಮ್ಮ ಮಾತಿನದು.

ಮಗು ತಟ್ಟೆಗೆ ರವೆ ಸುರಿಯಲಿ, ಗುಡ್ಡೆಯಾಗುತ್ತದೆ. ನೀರು ಸುರಿಯಲಿ, ಸಮತಟ್ಟಾಗಿ ಹರಡುತ್ತದೆ. ಆಮೇಲೆ ಒಂದೇ ಒಂದು ರವೆಕಾಳನ್ನು ಭೂತಗನ್ನಡಿಯಲ್ಲಿ ತೋರಿಸಿ. ಯಾವ ಪಾತ್ರೆಗೆ ಹಾಕಿದರೂ ಆ ಕಾಳಿನ ಆಕಾರ ಬದಲಾಗದು. ಒಂದೇ ವಸ್ತು ಘನವೂ ದ್ರವವೂ ಆಗಬಹುದೆಂದು ತೋರಿಸಲು ಕೊಬ್ಬರಿ ಎಣ್ಣೆ ಸಾಕು. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಎಣ್ಣೆಯ ಬಾಟಲಿಯನ್ನು ಮಗುವಿನ ಕೈಯಿಂದಲೇ ಬಿಸಿಲಿಗೆ ಇಡಿಸಿ.

ದ್ರವ ಪಾತ್ರೆಯ ಆಕಾರ ತಾಳುವುದನ್ನು ತೋರಿಸಲು ಅಗಲ ಬಟ್ಟಲಿನ ನೀರನ್ನು ಉದ್ದ ಲೋಟಕ್ಕೆ ಸುರಿದಾಗ ಮಗು ‘ನೀರು ಜಾಸ್ತಿಯಾಯ್ತು’ ಎಂದರೆ ಗದರಬೇಡಿ. 5–6 ವರ್ಷದವರಿಗೆ ಅದು ಸಹಜ. ಮತ್ತೆ ಬಟ್ಟಲಿಗೇ ಸುರಿಯಲು ಹೇಳಿ. ಉತ್ತರ ಹೇಳುವ ಆತುರ ನಿಮಗೆ ಬೇಡ, ಮೊದಲು ಮಗು ಊಹಿಸಲಿ.