ಅಡಿಗೆಮನೆಗೂ ಒಂದು ಲೆಕ್ಕವಿರಲಿ
ಏರುತ್ತಿರುವ ಮನೆಖರ್ಚು ಮತ್ತು ರೈತ ಕುಟುಂಬ

ಅಡಿಕೆ ಸುಲಿಸಲು ಎಷ್ಟಾಯಿತು, ಗೊಬ್ಬರಕ್ಕೆ ಎಷ್ಟು ಹೋಯಿತು, ಆಳಿನ ಕೂಲಿ ಎಷ್ಟು ಎಂದು ಚನ್ನಗಿರಿ ಸೀಮೆಯ ಯಾವ ರೈತನನ್ನು ಕೇಳಿದರೂ ನಿಂತಲ್ಲೇ ಹೇಳಬಲ್ಲರು. ಆದರೆ ಕಳೆದ ತಿಂಗಳು ಮನೆಗೆ ಎಷ್ಟು ಎಣ್ಣೆ ಬಂತು, ಬೇಳೆಗೆ ಎಷ್ಟು ಹಣ ಹೋಯಿತು ಎಂದು ಕೇಳಿದರೆ, "ಅದೆಲ್ಲ ಹೆಂಗಸರಿಗೆ ಗೊತ್ತು" ಎಂಬ ಉತ್ತರವೇ ಹೆಚ್ಚು. ಹೆಂಗಸರನ್ನು ಕೇಳಿದರೆ, "ಎಷ್ಟು ತಂದರೂ ಸಾಲದು, ಎಲ್ಲವೂ ತುಟ್ಟಿ" ಎನ್ನುತ್ತಾರೆ. ಈ ಮಾತು ಎಷ್ಟರಮಟ್ಟಿಗೆ ನಿಜ? ನಿಜವಾದರೆ ರೈತ ಕುಟುಂಬ ಏನು ಮಾಡಬಹುದು? ಇದನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

ಸೂಚ್ಯಂಕದ ಮಾತು, ಗೃಹಿಣಿಯ ಮಾತು

ನಮ್ಮ ದೇಶದಲ್ಲಿ ಗ್ರಾಹಕ ಬೆಲೆ ಸೂಚ್ಯಂಕವನ್ನು ಪ್ರತಿ ತಿಂಗಳೂ ಪ್ರಕಟಿಸಲಾಗುತ್ತದೆ. 2023ರ ಜುಲೈ ತಿಂಗಳಲ್ಲಿ, ಟೊಮ್ಯಾಟೊ ಕಿಲೋಗೆ 100 ರೂಪಾಯಿ ದಾಟಿದ್ದಾಗ, ಬೆಲೆ ಏರಿಕೆಯ ದರ ಶೇ. 7.44 ಇತ್ತು. 2025ರ ಅಕ್ಟೋಬರಿನಲ್ಲಿ ಅದು ಶೇ. 0.25ಕ್ಕೆ ಇಳಿಯಿತು. ಅಂದರೆ ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದರೆ ಏರಿಕೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದೇ ದಿನಗಳಲ್ಲಿ ರಿಸರ್ವ್ ಬ್ಯಾಂಕು ದೊಡ್ಡ ನಗರಗಳ ಕುಟುಂಬಗಳನ್ನು ಕೇಳಿದಾಗ, ಬೆಲೆಗಳು ಶೇ. 6ಕ್ಕಿಂತ ಹೆಚ್ಚು ಏರಿವೆ ಎಂಬುದು ಅವರ ಅನಿಸಿಕೆಯಾಗಿತ್ತು. ಸಂತೆಗೆ ಹೋಗಿ ಬರುವ ನಮ್ಮ ಗೃಹಿಣಿಯ ಅನಿಸಿಕೆಯೂ ಇದಕ್ಕಿಂತ ಬೇರೆಯಲ್ಲ.

ಹಾಗಾದರೆ ಗೃಹಿಣಿ ತಪ್ಪಿದಳೇ? ಇಲ್ಲ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಏರಿಕೆಯ ದರ ಇಳಿಯುವುದೆಂದರೆ ಬೆಲೆ ಇಳಿಯುವುದೆಂದಲ್ಲ. 100 ರೂಪಾಯಿಯ ಸಾಮಾನು ಮೊದಲ ವರ್ಷ ಶೇ. 8ರಷ್ಟು, ಎರಡನೇ ವರ್ಷ ಶೇ. 6ರಷ್ಟು, ಮೂರನೇ ವರ್ಷ ಶೇ. 5ರಷ್ಟು ಏರಿದರೆ 120 ರೂಪಾಯಿ ದಾಟುತ್ತದೆ. ನಾಲ್ಕನೇ ವರ್ಷ ಏರಿಕೆ ಬರೀ ಶೇ. 0.25 ಆದರೂ ಅದು 100ಕ್ಕೆ ಹಿಂತಿರುಗುವುದಿಲ್ಲ, 120ರ ಮೇಲೆಯೇ ನಿಲ್ಲುತ್ತದೆ. ಸೂಚ್ಯಂಕ ಹೇಳುವುದು ಈ ವರ್ಷ ಹತ್ತಿದ ಮೆಟ್ಟಿಲನ್ನು. ಗೃಹಿಣಿ ನೋಡುವುದು ನಿಂತಿರುವ ಎತ್ತರವನ್ನು.

ಎರಡನೆಯದು, ಸೂಚ್ಯಂಕ ಎಲ್ಲ ವಸ್ತುಗಳ ಸರಾಸರಿ. 2025ರ ಅಕ್ಟೋಬರಿನಲ್ಲಿ ತರಕಾರಿ, ಬೇಳೆಗಳ ಬೆಲೆ ಹಿಂದಿನ ವರ್ಷಕ್ಕಿಂತ ಇಳಿದಿತ್ತು. ಆದರೆ ಎಣ್ಣೆ ಮತ್ತು ಕೊಬ್ಬಿನ ಪದಾರ್ಥಗಳ ಬೆಲೆ ಶೇ. 11ರಷ್ಟು ಏರಿತ್ತು. ಪದೇ ಪದೇ ಕೊಳ್ಳುವ ವಸ್ತುವಿನ ಏರಿಕೆ ನೆನಪಿನಲ್ಲಿ ಉಳಿಯುತ್ತದೆ. ಇಳಿದ ಬೆಲೆಯನ್ನು ಯಾರೂ ನೆನಪಿಡುವುದಿಲ್ಲ.

ಮೂರನೆಯದೇ ರೈತರಿಗೆ ಮುಖ್ಯವಾದದ್ದು. ಪೇಟೆಯವರಿಗೆ ಆಹಾರ ಅಗ್ಗವಾದರೆ ಲಾಭ ಮಾತ್ರ. ರೈತನಿಗೆ ಅದೇ ಅಗ್ಗ ನಷ್ಟವಾಗುತ್ತದೆ. 2025-26ರಲ್ಲಿ ಮೆಕ್ಕೆಜೋಳಕ್ಕೆ ಕ್ವಿಂಟಲಿಗೆ 2,400 ರೂ. ಬೆಂಬಲ ಬೆಲೆ ಗೊತ್ತುಪಡಿಸಲಾಗಿತ್ತು. ಆದರೂ 2025ರ ನವೆಂಬರಿನಲ್ಲಿ ನಮ್ಮ ಮಾರುಕಟ್ಟೆಗಳಲ್ಲಿ 2,000 ರೂಪಾಯಿಗೂ ಕಡಿಮೆಗೆ ಮಾರಬೇಕಾಯಿತು. ಮಾರುವಾಗ ಅಗ್ಗ, ಕೊಳ್ಳುವಾಗ ತುಟ್ಟಿ. ದೇಶದ ಸೂಚ್ಯಂಕದಲ್ಲಿ ಒಳ್ಳೆಯ ಸುದ್ದಿಯೆನಿಸಿದ್ದು ಜಗಳೂರಿನ ಮನೆಯಲ್ಲಿ ಕೆಟ್ಟ ಸುದ್ದಿಯಾಗಿತ್ತು.

ತಾಲ್ಲೂಕಿಗೊಂದು ಚೀಲ

2023-24ರ ಕುಟುಂಬ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮಾಂತರದಲ್ಲಿ ತಲೆಯೊಂದಕ್ಕೆ ತಿಂಗಳ ಸರಾಸರಿ ಖರ್ಚು 4,122 ರೂ. ಅದರಲ್ಲಿ ಶೇ. 47ರಷ್ಟು ಆಹಾರಕ್ಕೇ ಹೋಗುತ್ತದೆ. ಪಟ್ಟಣಗಳಲ್ಲಿ ಈ ಪಾಲು ಶೇ. 40ರ ಆಸುಪಾಸಿನಲ್ಲಿದೆ. ಈ ಸರಾಸರಿಯಂತೆ ಐದು ಜನರ ಹಳ್ಳಿ ಕುಟುಂಬದ ಆಹಾರದ ಖರ್ಚು ತಿಂಗಳಿಗೆ ಸುಮಾರು 9,700 ರೂ. ಆಗುತ್ತದೆ. ಆಹಾರ ಬೆಳೆಯುವವರ ಮನೆಯಲ್ಲೇ ಆಹಾರದ ಪಾಲು ಹೆಚ್ಚು!

ಇದು ಎಲ್ಲ ಕಡೆಯೂ ಒಂದೇ ರೀತಿ ಇರುವುದಿಲ್ಲ. ಹೊನ್ನಾಳಿ, ನ್ಯಾಮತಿ ಕಡೆ ನಾಲೆ ನೀರಿನ ಭತ್ತವಿರುವ ಮನೆಗೆ ಅಕ್ಕಿಯ ಚಿಂತೆ ಕಡಿಮೆ. ಬೇಳೆ, ಎಣ್ಣೆ, ತರಕಾರಿಗೆ ಅಂಗಡಿಯೇ ಗತಿ. ಮಳೆಯನ್ನೇ ನಂಬಿದ ಜಗಳೂರಿನಲ್ಲಿ ಹಿಂದೆ ಶೇಂಗಾ, ರಾಗಿ, ತೊಗರಿ ಮನೆಗೆ ಬರುತ್ತಿದ್ದವು. ಪಕ್ಕದ ಚಳ್ಳಕೆರೆ ಎಣ್ಣೆ ಗಿರಣಿಗಳಿಗೇ ಹೆಸರಾದ ಊರು. ಮೆಕ್ಕೆಜೋಳ ಹೊಲ ತುಂಬಿದ ಮೇಲೆ ಶೇಂಗಾ ಬೆಳೆಯುತ್ತಿದ್ದ ಮನೆಯೇ ಪೊಟ್ಟಣದ ಎಣ್ಣೆ ಕೊಳ್ಳುವಂತಾಗಿದೆ.

ಚನ್ನಗಿರಿಯ ಸ್ಥಿತಿ ಇನ್ನೂ ಯೋಚಿಸಬೇಕಾದದ್ದು. ಭದ್ರಾ ನಾಲೆ, ಸೂಳೆಕೆರೆ ಅಚ್ಚುಕಟ್ಟು ಮತ್ತು ಕೊಳವೆಬಾವಿಗಳ ಆಸರೆಯಲ್ಲಿ ಭತ್ತದ ಗದ್ದೆ, ಬೆದ್ದಲು ಹೊಲ ಎರಡೂ ಅಡಿಕೆ ತೋಟವಾಗುತ್ತ ಬಂದಿವೆ. ಅಡಿಕೆಯಿಂದ ನಗದು ಬರುತ್ತದೆ, ಅದು ತಪ್ಪಲ್ಲ. ಆದರೆ ಅಡಿಕೆಯನ್ನು ಬೇಯಿಸಿ ಉಣ್ಣಲಾಗದು. ಇಂತಹ ಮನೆ ಅಕ್ಕಿಯಿಂದ ಕೊತ್ತಂಬರಿ ಸೊಪ್ಪಿನವರೆಗೆ ಎಲ್ಲವನ್ನೂ ಕೊಂಡೇ ತರಬೇಕು. ಹಣ ಬರುವುದು ಸುಗ್ಗಿಯಲ್ಲಿ ಒಮ್ಮೆ, ಖರ್ಚು ಬರುವುದು ದಿನವೂ. 2014ರಲ್ಲಿ ಅಡಿಕೆ ಧಾರಣೆ ಬಹಳ ಎತ್ತರಕ್ಕೇರಿ ಅನಂತರ ಕುಸಿದದ್ದನ್ನು ಬೆಳೆಗಾರರು ಮರೆತಿಲ್ಲ. ಧಾರಣೆ ಬಿದ್ದ ವರ್ಷ ಬೇಳೆಯ ಬೆಲೆ ಬೀಳಬೇಕೆಂಬ ನಿಯಮವೇನೂ ಇಲ್ಲ.

ಏನು ಮಾಡಬೇಕು?

1. ಲೆಕ್ಕ ಬರೆಯಿರಿ: ಶಾಲೆಗೆ ಹೋಗುವ ಮಗುವಿನ ಹಳೆಯ ನೋಟುಪುಸ್ತಕ ಸಾಕು. ದಿನಾಂಕ, ವಸ್ತು, ತೂಕ, ಹಣ, ನಗದೋ ಉದ್ರಿಯೋ ಎಂದು ಐದು ಕಾಲಂ ಎಳೆಯಿರಿ. ಹಣವನ್ನಷ್ಟೇ ಅಲ್ಲ, ತೂಕವನ್ನೂ ತಪ್ಪದೆ ಬರೆಯಬೇಕು. ಖರ್ಚು ಹೆಚ್ಚಾದದ್ದು ಬೆಲೆಯಿಂದಲೋ ಬಳಕೆಯಿಂದಲೋ ಎಂಬುದು ತೂಕ ಬರೆದಾಗ ಮಾತ್ರ ತಿಳಿಯುತ್ತದೆ. ಮೂರು ತಿಂಗಳು ಬರೆದರೆ ಎಲ್ಲಿ ಸೋರುತ್ತಿದೆ ಎಂಬುದು ಕಾಣುತ್ತದೆ.

2. ಪೊಟ್ಟಣದ ತೂಕ ನೋಡಿ: ಬೆಲೆ ಹಾಗೆಯೇ ಇಟ್ಟು ತೂಕ ಇಳಿಸುವ ರೂಢಿ ಇದೆ. ಒಂದು ಲೀಟರ್ ಅಡಿಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಲೆಕ್ಕಕ್ಕಾಗಿ, ಒಂದು ಲೀಟರಿನ ಪೊಟ್ಟಣ 160 ರೂ., 750 ಗ್ರಾಂನದು 135 ರೂ. ಎಂದಿಟ್ಟುಕೊಳ್ಳಿ. ಎರಡನೆಯದು 25 ರೂ. ಅಗ್ಗವಾಗಿ ಕಾಣುತ್ತದೆ. ಆದರೆ ಅದು ಲೀಟರಿಗೆ ಸುಮಾರು 164 ರೂ. ಬಿದ್ದಂತಾಯಿತು. 2021ರಲ್ಲಿ ಆದ ತಿದ್ದುಪಡಿಯಂತೆ ಪೊಟ್ಟಣದ ಮೇಲೆ ಗ್ರಾಂ ಅಥವಾ ಕಿಲೋ ಒಂದರ ಬೆಲೆಯನ್ನೂ ಮುದ್ರಿಸಬೇಕಾಗಿದೆ. ಅದನ್ನು ಓದಿ ಕೊಳ್ಳಿ.

3. ಎಣ್ಣೆಗೆ ಅಳತೆ ಇಡಿ: ನಮ್ಮ ದೇಶ ತನಗೆ ಬೇಕಾದ ಅಡಿಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಆರಂಭವಾದಾಗ ಸೂರ್ಯಕಾಂತಿ ಎಣ್ಣೆಯೂ, ಅದೇ ಏಪ್ರಿಲಿನಲ್ಲಿ ಇಂಡೋನೇಷ್ಯಾ ರಫ್ತು ನಿಲ್ಲಿಸಿದಾಗ ತಾಳೆ ಎಣ್ಣೆಯೂ ತುಟ್ಟಿಯಾದವು. 2024ರ ಸೆಪ್ಟೆಂಬರಿನಲ್ಲಿ ಎಣ್ಣೆಕಾಳು ಬೆಳೆಗಾರರ ಹಿತಕ್ಕಾಗಿ ಆಮದು ಸುಂಕ ಏರಿಸಿದಾಗಲೂ ಬೆಲೆ ಏರಿತು. ಇವು ಯಾವುವೂ ನಮ್ಮ ಕೈಯಲ್ಲಿಲ್ಲ. ಬಳಕೆ ನಮ್ಮ ಕೈಯಲ್ಲಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಸಲಹೆಯಂತೆ ಒಬ್ಬರಿಗೆ ದಿನಕ್ಕೆ 27 ಗ್ರಾಂ ಎಣ್ಣೆ ಸಾಕು. ಐದು ಜನರಿಗೆ ತಿಂಗಳಿಗೆ ನಾಲ್ಕೂವರೆ ಲೀಟರ್ ಆಯಿತು. ಇದಕ್ಕಿಂತ ಹೆಚ್ಚು ಬಳಸುವ ಮನೆ ಹಣವನ್ನೂ ಆರೋಗ್ಯವನ್ನೂ ಕಳೆದುಕೊಳ್ಳುತ್ತದೆ.

4. ಮನೆಗೆಂದು ಒಂದಿಷ್ಟು ಬೆಳೆಯಿರಿ: ಎರಡೂವರೆ ಗುಂಟೆ ಕೈತೋಟ ಐದು ಜನರ ತರಕಾರಿಯ ದೊಡ್ಡ ಪಾಲನ್ನು ಒದಗಿಸಬಲ್ಲದು. ಬಚ್ಚಲ ನೀರು ಹರಿಯುವಲ್ಲಿ ಬಸಳೆ, ಬಾಳೆ, ನುಗ್ಗೆ, ಕರಿಬೇವು ಹಾಕಿರಿ. ಉಳಿದ ಜಾಗದಲ್ಲಿ ಬದನೆ, ಬೆಂಡೆ, ಮೆಣಸಿನಕಾಯಿ, ಸೊಪ್ಪುಗಳನ್ನು ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಹಾಕಿದರೆ ಸದಾ ಕೊಯ್ಲು ಸಿಗುತ್ತದೆ. ಅಡಿಕೆ ತೋಟ ಎಳೆಯದಿರುವ ಮೊದಲ ನಾಲ್ಕೈದು ವರ್ಷ ಸಾಲುಗಳ ನಡುವೆ ತರಕಾರಿ, ಅಲಸಂದೆ ಬೆಳೆಯಲು ಅಡ್ಡಿಯಿಲ್ಲ. ಮೆಕ್ಕೆಜೋಳದ ಹೊಲದಲ್ಲಿ ಕೆಲವು ಸಾಲು ತೊಗರಿ, ಭತ್ತದ ಗದ್ದೆಯ ಬದುವಿನಲ್ಲಿ ಉದ್ದು, ಅಲಸಂದೆ ಹಾಕಬಹುದು. ಜಗಳೂರಿನವರು ಮನೆಯ ಎಣ್ಣೆಗೆಂದೇ ಅರ್ಧ ಎಕರೆ ಶೇಂಗಾ ಬಿತ್ತಿ ನೋಡಲಿ. 100 ಕಿಲೋ ಕಾಯಿಗೆ ಸುಮಾರು 70 ಕಿಲೋ ಬೀಜ, ಅದಕ್ಕೆ ಗಾಣದಲ್ಲಿ 26ರಿಂದ 28 ಕಿಲೋ ಎಣ್ಣೆ ದೊರೆಯುತ್ತದೆ. ಹಿಂಡಿ ದನಗಳಿಗಾಯಿತು.

5. ಸುಗ್ಗಿಯಲ್ಲಿ ಕೊಂಡು ಕೆಡದಂತೆ ಇಡಿ: ತೊಗರಿ ಪೇಟೆಗೆ ಬರುವುದು ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಒಣ ಮೆಣಸಿನಕಾಯಿ ಜನವರಿಯಿಂದ ಮಾರ್ಚಿವರೆಗೆ. ಆಗ ಸಾಮಾನ್ಯವಾಗಿ ಬೆಲೆ ಕಡಿಮೆ. ಕಾಳನ್ನು ಹಲ್ಲಿನಲ್ಲಿ ಕಡಿದರೆ ಕಟಕ್ಕೆಂದು ಒಡೆಯುವಷ್ಟು ಒಣಗಿಸಿ, ಆರಿದ ಮೇಲೆ ಕಿಲೋಗೆ 5 ಮಿ.ಲೀ.ನಂತೆ ಅಡಿಗೆ ಎಣ್ಣೆ ಸವರಿ, ಗಾಳಿಯಾಡದ ಡಬ್ಬದಲ್ಲಿ ತುಂಬಿಟ್ಟರೆ ಹುಳು ಬೀಳುವುದು ಬಹಳ ಕಡಿಮೆಯಾಗುತ್ತದೆ.

6. ಉದ್ರಿಯ ಬೆಲೆ ತಿಳಿಯಿರಿ: ತಿಂಗಳಿಗೆ ನೂರಕ್ಕೆ ಮೂರು ಎಂಬ ಬಡ್ಡಿ ಸಣ್ಣದಾಗಿ ಕೇಳಿಸುತ್ತದೆ. ವರ್ಷಕ್ಕೆ ಅದು ಶೇ. 36. ಯಾವ ಬೆಲೆ ಏರಿಕೆಯೂ ಇದಕ್ಕೆ ಸಮನಲ್ಲ. ಅಡಿಕೆ ಹಣ ಬಂದ ದಿನವೇ ಹನ್ನೆರಡು ತಿಂಗಳ ದಿನಸಿಗೆ ಬೇಕಾದಷ್ಟನ್ನು ಬೇರೆಯಾಗಿ ಬ್ಯಾಂಕಿನಲ್ಲಿಡುವುದು ಉತ್ತಮ. ಆ ಖಾತೆ ಮನೆಯಾಕೆಯ ಹೆಸರಿನಲ್ಲಿದ್ದರೆ ಇನ್ನೂ ಉತ್ತಮ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು

ನಾವು ಹಳ್ಳಿಗೆ ಹೋದಾಗ ಎಕರೆಗೆ ಎಷ್ಟು ಇಳುವರಿ ಎಂದು ಗಂಡಸರನ್ನು ಕೇಳುತ್ತೇವೆ. ತಿಂಗಳಿಗೆ ಎಷ್ಟು ಬೇಳೆ ಎಂದು ಹೆಂಗಸರನ್ನು ಕೇಳುವುದಿಲ್ಲ. ಸಂತೆಯಲ್ಲಿ ಕೈಚೀಲ ಹಿಡಿದಾಕೆಯ ಕೈಯಲ್ಲಿ ಹಣ ಕಡಿಮೆಯಾದಾಗ ಆಕೆ ಮೊದಲು ಬಿಡುವುದು ಬೇಳೆ, ಹಣ್ಣು, ಹಾಲು. ಅದರಲ್ಲೂ ತನ್ನ ಪಾಲಿನದನ್ನು. ಇದು ಯಾವ ಸೂಚ್ಯಂಕದಲ್ಲೂ ಕಾಣುವುದಿಲ್ಲ. ಮಗುವಿನ ತೂಕದಲ್ಲಿ, ತಾಯಿಯ ರಕ್ತಹೀನತೆಯಲ್ಲಿ ಕಾಣುತ್ತದೆ. ಆದ್ದರಿಂದ ಬೆಳೆ ಯೋಜನೆ ಮಾಡಿಸುವಾಗ ಮೊದಲ ಸಾಲಿನಲ್ಲಿ ಮನೆಯ ಊಟವನ್ನು ಬರೆಸಿರಿ, ಎರಡನೇ ಸಾಲಿನಲ್ಲಿ ಮಾರಾಟವನ್ನು.

ಪೇಟೆಯ ಬೆಲೆಯನ್ನು ಒಬ್ಬ ರೈತ ಇಳಿಸಲಾರ. ಆದರೆ ಪೇಟೆಯಿಂದ ತರಬೇಕಾದ ವಸ್ತುಗಳ ಪಟ್ಟಿಯನ್ನು ಇಳಿಸಬಲ್ಲ. ಮುಂದಿನ ಮುಂಗಾರಿಗೆ ಬಿತ್ತನೆ ಬೀಜ ಕೊಳ್ಳಲು ಹೊರಡುವ ಮೊದಲು ಗಂಡ ಹೆಂಡತಿ ಇಬ್ಬರೂ ಕುಳಿತು, ಕಳೆದ ಮೂರು ತಿಂಗಳ ಅಡಿಗೆಮನೆ ಲೆಕ್ಕವನ್ನು ಒಮ್ಮೆ ಓದಿಕೊಳ್ಳಲಿ. ಯಾವ ಬೀಜ ಕೊಳ್ಳಬೇಕೆಂಬುದನ್ನು ಆ ಪುಸ್ತಕವೇ ಹೇಳುತ್ತದೆ.