ಅಂಕಕ್ಕಿಂತ ಮೊದಲು ಆಕಾರ ನೋಡಿ

ಪ್ರೋಟೀನ್ ಮಡಚುವ ಫೋಲ್ಡಿಟ್ ಆಟಕ್ಕೆ ಹೊಸದಾಗಿ ಬಂದ ಗೆಳೆಯರೇ, ಜೀವರಸಾಯನಶಾಸ್ತ್ರ ಓದಿಲ್ಲವೆಂದು ಹಿಂಜರಿಯಬೇಡಿ. ವಾಷಿಂಗ್ಟನ್ ವಿಶ್ವವಿದ್ಯಾಲಯ 2008ರಲ್ಲಿ ಇದನ್ನು ಹೊರತಂದದ್ದೇ ಜನಸಾಮಾನ್ಯರ ಕಣ್ಣು, ಕೈಗಳನ್ನು ನಂಬಿ.

ಮೊದಲು ಕಲಿಕೆಯ ಹಂತಗಳನ್ನು ಒಂದೂ ಬಿಡದೆ ಮುಗಿಸಿ. ಆಮೇಲೆ ಬಣ್ಣ ಓದುವುದನ್ನು ರೂಢಿಸಿಕೊಳ್ಳಿ. ಪ್ರೋಟೀನ್ ಸರಪಳಿಯಿಂದ ಚಾಚಿಕೊಂಡ ಕವಲುಗಳಲ್ಲಿ ಕಿತ್ತಳೆ ಬಣ್ಣದವಕ್ಕೆ ನೀರೆಂದರೆ ಆಗದು. ಅವು ಒಳಗೆ ಅಡಗಿರಲಿ. ನೀಲಿಯವು ನೀರಿನ ನೆಂಟರು, ಅವು ಹೊರಗಿರಲಿ. ಕೆಂಪು ಮುಳ್ಳು ಕಂಡಿತೋ, ಅಲ್ಲಿ ಪರಮಾಣುಗಳು ಒಂದರ ಮೇಲೊಂದು ಬಿದ್ದಿವೆ ಎಂದರ್ಥ, ಜಾಗ ಬಿಡಿಸಿ.

ಆಟದ ‘ಶೇಕ್’ ಗುಂಡಿ ಕವಲುಗಳನ್ನು ಸರಿಪಡಿಸುತ್ತದೆ, ‘ವಿಗಲ್’ ಇಡೀ ಸರಪಳಿಯನ್ನೇ ಅಲುಗಿಸುತ್ತದೆ. ಶುರುವಿನಲ್ಲೇ ವಿಗಲ್ ಒತ್ತಿ ಕೂತರೆ ಅಂಕ ಸರ್ರನೆ ಏರಿ ಒಂದೆಡೆ ನಿಂತುಬಿಡುತ್ತದೆ. ಅದರ ಬದಲು ‘ಬ್ಯಾಂಡ್’ ಎಂಬ ಎಳೆ ಕಟ್ಟಿ ಸರಪಳಿಯ ಸುರುಳಿ, ಹಾಳೆಯಂಥ ಭಾಗಗಳನ್ನು ಕೈಯಾರೆ ಹತ್ತಿರ ಎಳೆಯಿರಿ. ಅಂಕ ಕುಸಿದರೆ ಕಂಗೆಡಬೇಡಿ. ಕಗ್ಗಂಟು ಬಿಡಿಸುವಾಗ ಮೊದಲು ಸಡಿಲಿಸಲೇಬೇಕಲ್ಲವೇ? ಒಳ್ಳೆಯ ರೂಪ ಸಿಕ್ಕಾಗಲೆಲ್ಲ ಉಳಿಸಿಟ್ಟುಕೊಂಡರೆ ಹಿಂದಕ್ಕೆ ಬರುವ ದಾರಿ ಇದ್ದೇ ಇರುತ್ತದೆ.

ಒಬ್ಬರೇ ಸೋತಾಗ ತಂಡ ಸೇರಿ. ಕೋತಿಗಳಲ್ಲಿ ಏಡ್ಸ್‌ನಂಥ ಕಾಯಿಲೆ ತರುವ ವೈರಸ್ಸಿನ ಒಂದು ಕಿಣ್ವದ ರಚನೆ ವಿಜ್ಞಾನಿಗಳಿಗೆ ವರ್ಷಗಟ್ಟಲೆ ಒಗಟಾಗಿತ್ತು. ಆಟಗಾರರು ಮೂರೇ ವಾರಗಳಲ್ಲಿ ಅದಕ್ಕೆ ಸರಿಯಾದ ಮಾದರಿ ಕೊಟ್ಟರು. 2011ರಲ್ಲಿ ಅದು ಸಂಶೋಧನಾ ಪ್ರಬಂಧವಾಗಿ ಪ್ರಕಟವಾಯಿತು. ಒಬ್ಬರು ಮಡಚಿದ್ದನ್ನು ಇನ್ನೊಬ್ಬರು ತಿದ್ದಿದ್ದರಿಂದಲೇ ಅದು ಸಾಧ್ಯವಾದದ್ದು.

ದಿನಕ್ಕೆ ಅರ್ಧ ಗಂಟೆಯಾದರೂ ಸರಿ, ತಾಳ್ಮೆಯಿಂದ ಆಡಿ. ನಿಮ್ಮ ಬಿಡುವಿನ ಹೊತ್ತು ವಿಜ್ಞಾನಕ್ಕೆ ಒದಗಲಿ.